ಹಿಂಗಾಲು ಸೋತ ನಾಯಿಯ ಆರೈಕೆ

ತೋಟದ ನಾಯಿ ನಮ್ಮ ಕಡೆ ಸಾಕುಪ್ರಾಣಿಯೂ ಹೌದು, ಸಂಬಳವಿಲ್ಲದ ಕಾವಲುಗಾರನೂ ಹೌದು. ಕಣದಲ್ಲಿ ಕಾಫಿ ಹರಡಿರುವಾಗ, ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ರಾತ್ರಿಯೆಲ್ಲ ಎಚ್ಚರವಿರುವುದು ಅದೇ. ಅಂಥ ನಾಯಿ ಒಂದು ಬೆಳಿಗ್ಗೆ ಹಿಂಗಾಲೆರಡನ್ನೂ ನೆಲಕ್ಕೆ ಎಳೆಯುತ್ತ ಬಂದರೆ ಮನೆಯವರ ಬಾಯಿಂದ ಬರುವ ಮೊದಲ ಮಾತು, ‘ಇನ್ನು ಇದರ ಕತೆ ಮುಗಿಯಿತು’ ಎಂಬುದು. ಕೆಲವರು ಕೋವಿ ತೆಗೆಯುತ್ತಾರೆ. ಕೆಲವರು ಜೀಪಿನಲ್ಲಿ ಹಾಕಿಕೊಂಡು ಹೋಗಿ ದೂರದ ಪೇಟೆಯಲ್ಲಿ ಬಿಟ್ಟು ಬರುತ್ತಾರೆ. ಇನ್ನು ಕೆಲವರು ಬೆನ್ನಿಗೆ ಎಣ್ಣೆ ತಿಕ್ಕಿ, ಕೊಟ್ಟಿಗೆಯ ಮೂಲೆಯಲ್ಲಿ ಮಲಗಿಸಿ, ದೇವರ ಮೇಲೆ ಭಾರ ಹಾಕುತ್ತಾರೆ.

ಈ ಪಾಠದಲ್ಲಿ ನಾವು ಹೇಳಹೊರಟಿರುವುದು ಇಷ್ಟು. ಹಿಂಗಾಲು ಸೋತ ನಾಯಿಗಳಲ್ಲಿ ಬಹಳಷ್ಟು ಮತ್ತೆ ನಡೆಯುತ್ತವೆ. ಯಾವುದು ನಡೆದೀತು, ಯಾವುದು ನಡೆಯಲಾರದು ಎಂಬುದನ್ನು ಪಶುವೈದ್ಯರು ಮೊದಲ ಪರೀಕ್ಷೆಯಲ್ಲೇ ಬಹುಮಟ್ಟಿಗೆ ಹೇಳಬಲ್ಲರು. ನಡೆಯಬಲ್ಲ ನಾಯಿಯನ್ನು ನಡೆಯುವಂತೆ ಮಾಡುವುದು ಮಾತ್ರ ಮದ್ದಿನಿಂದಷ್ಟೇ ಆಗುವುದಿಲ್ಲ. ಮನೆಯವರು ವಾರಗಟ್ಟಲೆ ದಿನಕ್ಕೆ ಮೂರು ಸಲ ಕೈಯಾರೆ ಮಾಡುವ ಕೆಲಸದಿಂದ ಆಗುತ್ತದೆ.

ಪೇಟೆಯಲ್ಲಿ ಕಂಡದ್ದು

ನಮ್ಮ ಸದಸ್ಯರ ಮಕ್ಕಳು ಅನೇಕರು ಬೆಂಗಳೂರು ಸೇರಿದ್ದಾರೆ. ಮೈಸೂರು ರಸ್ತೆಯಿಂದ ಬಂದವರು ಕೆಂಗೇರಿ, ವಿಜಯನಗರದ ಕಡೆ, ತುಮಕೂರು ರಸ್ತೆಯಿಂದ ಬಂದವರು ರಾಜಾಜಿನಗರ, ಬಸವೇಶ್ವರನಗರದ ಕಡೆ ನೆಲೆಯಾದದ್ದು ಹೆಚ್ಚು. ಅಲ್ಲಿ ಮೂರನೆಯ ಮಹಡಿಯ ಮನೆಯಲ್ಲಿ, ಕನ್ನಡಿಯಂತೆ ಹೊಳೆಯುವ ಟೈಲ್ಸ್ ನೆಲದ ಮೇಲೆ ಲ್ಯಾಬ್ರಡಾರ್ ಸಾಕುತ್ತಾರೆ. (2022ರಲ್ಲಿ ‘777 ಚಾರ್ಲಿ’ ಚಿತ್ರ ಬಂದ ಮೇಲಂತೂ ಈ ಜಾತಿಯ ಮರಿ ಬೇಕೆನ್ನದ ಮಕ್ಕಳಿಲ್ಲ.) ಲ್ಯಾಬ್ರಡಾರ್ ಭಾರದ ನಾಯಿ, ಹೊಟ್ಟೆಬಾಕ, ಅದರ ಸೊಂಟದ ಕೀಲು ಹುಟ್ಟಿನಿಂದಲೇ ಸಡಿಲವಿರುವುದುಂಟು. ಜಾರುವ ನೆಲ, ಮೆಟ್ಟಿಲು, ಓಡಾಟವಿಲ್ಲದ ದಿನಚರಿ ಮೂರೂ ಸೇರಿ ಐದಾರು ವರ್ಷಕ್ಕೇ ಹಿಂಗಾಲು ಸೋಲುತ್ತದೆ. ಡ್ಯಾಷ್‌ಹುಂಡ್ ಎಂಬ ಗಿಡ್ಡ ಕಾಲಿನ ಉದ್ದ ನಾಯಿಗೆ ಬೆನ್ನಿನ ಮಣಿಗಳ ನಡುವಣ ಮೆತ್ತೆ, ಅಂದರೆ ಡಿಸ್ಕ್, ಜಾರಿ ಬೆನ್ನುಹುರಿಯನ್ನು ಒತ್ತುವ ರೋಗ ವಂಶಪಾರಂಪರ್ಯವಾಗಿ ಬರುತ್ತದೆ. ಇಂಥ ನಾಯಿಗಳಿಗೆ ಬೆಂಗಳೂರಿನಲ್ಲಿ ಈಗ ಮನುಷ್ಯರಿಗೆ ಮಾಡುವಂತೆಯೇ ಫಿಸಿಯೋಥೆರಪಿ ಮಾಡಿಸುತ್ತಾರೆ. ಗಾಜಿನ ತೊಟ್ಟಿಯೊಳಗೆ ಓಡುವ ಪಟ್ಟಿ, ಅದರ ಮೇಲೆ ಸೊಂಟದ ಮಟ್ಟದ ನೀರು, ನೀರಿನಲ್ಲಿ ನಾಯಿಯ ನಡಿಗೆ.

ಊರಿನಲ್ಲಿರುವ ತಂದೆತಾಯಿಗಳು ಇದನ್ನು ಕೇಳಿ ನಗುತ್ತಾರೆ. ನಗಲಿ. ಆದರೆ ಇದು ಪೇಟೆಯವರ ಶೋಕಿಯಿಂದ ಹುಟ್ಟಿದ ವಿದ್ಯೆಯಲ್ಲ. ಕಾಲು ಉಳುಕಿದ ಪಂದ್ಯದ ಕುದುರೆಯನ್ನು ಮತ್ತೆ ಓಡಿಸಬೇಕೆಂಬ ಗರಜಿನಿಂದ ಬೆಳೆದು ನಾಯಿಗಳಿಗೆ ಬಂದದ್ದು. 1999ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ಇದರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2010ರಲ್ಲಿ ಅಲ್ಲಿ ಇದನ್ನು ಪಶುವೈದ್ಯದ ಒಂದು ಪ್ರತ್ಯೇಕ ವಿಶೇಷ ಶಾಖೆಯೆಂದು ಒಪ್ಪಿಕೊಂಡರು.

ಕೆಂಗೇರಿಯಲ್ಲಿ ಉತ್ತರಹಳ್ಳಿ ರಸ್ತೆಯ ಮೇಲೆ ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ನಡೆಯುತ್ತಿದೆ. ಅದು ಸಾಕುನಾಯಿಯ ಆಸ್ಪತ್ರೆಯಲ್ಲ, ನಗರದಲ್ಲಿ ಪೆಟ್ಟು ತಿಂದ ಕಾಡುಪ್ರಾಣಿ ಪಕ್ಷಿಗಳದ್ದು. ಅದನ್ನು ಇಲ್ಲಿ ಹೆಸರಿಸಲು ಕಾರಣವಿದೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿಸಿಕೊಂಡ ಹದ್ದುಗಳು ಅಲ್ಲಿಗೆ ಬರುತ್ತವೆ. ಹದ್ದಿನ ರೆಕ್ಕೆಗೆ ಪಟ್ಟಿ ಕಟ್ಟಿ ಗಾಯ ಮಾಯಿಸಿದರೆ ಕೆಲಸ ಮುಗಿಯುವುದಿಲ್ಲ. ಪಟ್ಟಿ ಹೆಚ್ಚು ದಿನ ಉಳಿದರೆ ಕೀಲು ಬಿಗಿದು ರೆಕ್ಕೆ ಬಿಚ್ಚದು, ಬಿಚ್ಚದ ರೆಕ್ಕೆಯ ಹದ್ದನ್ನು ಹೊರಗೆ ಬಿಡುವಂತಿಲ್ಲ. ಆದ್ದರಿಂದ ಕಾಡುಪ್ರಾಣಿಯ ವೈದ್ಯರಿಗೆ ‘ಗುಣವಾಯಿತು’ ಎಂಬುದರ ಅರ್ಥ, ಅದು ತನ್ನ ಕೆಲಸವನ್ನು ತಾನೇ ಮಾಡಬಲ್ಲುದು ಎಂದು. ಸಾಕುನಾಯಿಯ ವಿಷಯದಲ್ಲಿ ನಾವು ಹೊಲಿಗೆ ಬಿಚ್ಚಿದ ದಿನವೇ ಗುಣವಾಯಿತೆಂದು ತಿಳಿಯುತ್ತೇವೆ. ಅಲ್ಲಿಗೆ ಅರ್ಧ ದಾರಿ ಮಾತ್ರ ಬಂದಂತೆ.

ನಮ್ಮ ನಾಯಿಗಳಿಗೆ ಆಗುವುದೇನು

ತೋಟದ ನಾಯಿಗೆ ಟೈಲ್ಸ್ ನೆಲದ ಕಾಟವಿಲ್ಲ. ಬೇರೆ ಕಾಟಗಳಿವೆ. ಕಣದಲ್ಲಿ ಹಿಂದಕ್ಕೆ ಬರುವ ಜೀಪಿನ ಚಕ್ರ, ಕಾಡುಹಂದಿಯ ತಿವಿತ, ಹಂದಿಗೆಂದು ಯಾರೋ ಬೇಲಿಯಲ್ಲಿ ಇಟ್ಟ ಬ್ರೇಕ್ ವಯರಿನ ಉರುಳು, ಅಗಳಿಗೆ ಬೀಳುವುದು. ಇವಲ್ಲದೆ ನಾಯಿಯ ಡಿಸ್ಟೆಂಪರ್ ರೋಗ ಬಿಟ್ಟುಹೋಗುವ ನರದೌರ್ಬಲ್ಯ, ಉಣುಗಿನ ಜ್ವರದ ನಂತರದ ನಿತ್ರಾಣ. ಉರುಳಿನ ಗಾಯ ವಿಶೇಷ ಕೆಟ್ಟದ್ದು. ತಂತಿ ಬಿಚ್ಚಿದ ಮೇಲೆ ಹೊರಗೆ ಕಾಣುವ ಗಾಯ ಗೆರೆಯಷ್ಟೇ ಇರುತ್ತದೆ, ಆದರೆ ಒಳಗೆ ರಕ್ತ ನಿಂತ ಮಾಂಸ ನಾಲ್ಕೈದು ದಿನಗಳ ಮೇಲೆ ಕೊಳೆಯತೊಡಗುತ್ತದೆ. ಉರುಳಿನಿಂದ ಬಿಡಿಸಿದ ನಾಯಿಯನ್ನು ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಪೆಟ್ಟಿನ ಗುರುತಿಲ್ಲದೆ ನಾಯಿಯ ಹಿಂಗಾಲು ಸೋತು, ಜೊತೆಗೆ ಜೊಲ್ಲು ಸುರಿಯುತ್ತಿದ್ದರೆ, ಕೆಳದವಡೆ ಜೋತಿದ್ದರೆ, ಬೊಗಳುವ ದನಿ ಬದಲಾಗಿದ್ದರೆ ಅದು ಹುಚ್ಚುನಾಯಿ ರೋಗವಿರಬಹುದು. ಈ ರೋಗದ ನಾಯಿಗಳೆಲ್ಲ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಕೆಲವು ಮಂಕಾಗಿ, ಮೈ ಸೋತು, ಮೂಲೆ ಹಿಡಿಯುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿದವರುಂಟು. ಹಾಗೆ ಮಾಡಕೂಡದು. ನಾಯಿಯನ್ನು ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಿರಿ. ಜೊಲ್ಲು ಗಾಯಕ್ಕೆ ತಗಲಿದ್ದರೆ ಅಥವಾ ನಾಯಿ ಕಚ್ಚಿದ್ದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿರಿ. ಈ ಅನುಮಾನ ಇಲ್ಲವೆಂದಾದ ಮೇಲೆಯೇ ಮುಂದಿನ ಮಾತು.

ಪೆಟ್ಟು ಬಿದ್ದ ನಾಯಿಯನ್ನು ಎರಡು ತೋಳುಗಳಲ್ಲಿ ತೂಗಿ ಎತ್ತಬಾರದು. ಬೆನ್ನುಮೂಳೆ ಮುರಿದಿದ್ದರೆ ಆ ತೂಗಾಟದಲ್ಲೇ ಬೆನ್ನುಹುರಿ ಕತ್ತರಿಸಿಹೋಗಬಹುದು. ಒಂದು ಹಲಗೆಯನ್ನೋ ಬಿದಿರಿನ ತಟ್ಟಿಯನ್ನೋ ಪಕ್ಕಕ್ಕಿಟ್ಟು, ಇಬ್ಬರು ಸೇರಿ ನಾಯಿಯನ್ನು ಮೆಲ್ಲಗೆ ಅದರ ಮೇಲೆ ಸರಿಸಿ, ಭುಜ ಮತ್ತು ಸೊಂಟದ ಬಳಿ ಬಟ್ಟೆಯಿಂದ ಕಟ್ಟಿ ಒಯ್ಯಬೇಕು. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಉಸಿರಿಗೆ ತೊಂದರೆಯಿಲ್ಲದಿದ್ದರೆ ಮೂತಿಗೆ ಒಂದು ಬಟ್ಟೆಯ ಕಟ್ಟು ಹಾಕಿರಿ.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಡೈಕ್ಲೋಫೆನಾಕ್ ಅನ್ನು ಪಶುಗಳಿಗೆ ಬಳಸುವುದನ್ನೇ ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಆ ನಿಷೇಧ ನಾಯಿಗಳ ಸಲುವಾಗಿ ಬಂದದ್ದಲ್ಲ, ಮದ್ದು ಪಡೆದ ದನಗಳ ಹೆಣ ತಿಂದು ರಣಹದ್ದುಗಳು ಸತ್ತದ್ದರಿಂದ ಬಂದದ್ದು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದಿಗೆಂದು ಧಾಮ ಮಾಡಬೇಕಾಗಿ ಬಂದ ಕಾಲ ನೆನಪಿಸಿಕೊಂಡರೆ ಸಾಕು, ಒಂದು ಮಾತ್ರೆಯ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯುತ್ತದೆ.

ನೋವಿನ ಪರೀಕ್ಷೆ

ವೈದ್ಯರು ಮಾಡುವ ಪರೀಕ್ಷೆಗಳಲ್ಲಿ ಒಂದನ್ನು ನಾವು ಅರ್ಥಮಾಡಿಕೊಂಡಿರುವುದು ಒಳ್ಳೆಯದು. ನಾಯಿಯ ಮುಂದಿನ ಹಣೆಬರಹ ಬಹುತೇಕ ಅದರಲ್ಲಿದೆ. ವೈದ್ಯರು ಚಿಮಟದಿಂದ ಹಿಂಗಾಲಿನ ಬೆರಳನ್ನು ಬಲವಾಗಿ ಹಿಂಡುತ್ತಾರೆ. ನಾಯಿ ಕಾಲು ಸೆಳೆದುಕೊಂಡರೆ ನಾವು ‘ಜೀವ ಇದೆ’ ಎಂದು ಸಂತೋಷಪಡುತ್ತೇವೆ. ಆದರೆ ವೈದ್ಯರು ನೋಡುತ್ತಿರುವುದು ಕಾಲನ್ನಲ್ಲ, ಮುಖವನ್ನು. ಕಾಲು ಸೆಳೆಯುವುದಕ್ಕೆ ಮಿದುಳು ಬೇಕಿಲ್ಲ. ಸೊಂಟದ ಬಳಿಯ ಬೆನ್ನುಹುರಿಯ ತುಂಡು ತಾನೇ ಆ ಕೆಲಸ ಮಾಡುತ್ತದೆ. ಊರಿನ ಕರೆಂಟ್ ಹೋಗಿದ್ದರೂ ಮನೆಯ ಜನರೇಟರಿನಿಂದ ಒಂದು ದೀಪ ಉರಿಯುವಂತೆ ಅದು. ನೋವು ಮಿದುಳಿಗೆ ಮುಟ್ಟಿದರೆ ನಾಯಿ ತಿರುಗಿ ನೋಡುತ್ತದೆ, ಕುಯ್ಗುಡುತ್ತದೆ, ಕಚ್ಚಲು ಬರುತ್ತದೆ. ಹಾಗೆ ಮಾಡಿದರೆ ಮೇಲಿನ ಲೈನು ಪೂರ್ತಿ ಕಡಿದಿಲ್ಲವೆಂದು ಅರ್ಥ.

ಡಿಸ್ಕ್ ಜಾರಿದ ನಾಯಿಗೆ ನೋವು ತಿಳಿಯುತ್ತಿದ್ದು, ವೇಳೆಗೆ ಸರಿಯಾಗಿ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಎಂಟೊಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ನೋವು ತಿಳಿಯದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದರೂ ಸುಮಾರು ಅರ್ಧದಷ್ಟು ಮಾತ್ರ. ಜೀಪು ಹಾಯ್ದು ಬೆನ್ನುಮೂಳೆ ಮುರಿದ ನಾಯಿಗೆ ನೋವೂ ತಿಳಿಯದೆ ಹೋದರೆ ಆಸೆ ಬಹಳ ಕಡಿಮೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬೆನ್ನುಹುರಿಗೆ ಒತ್ತಡ ಬಿದ್ದಾಗ ಶಕ್ತಿಗಳು ಒಂದು ಕ್ರಮದಲ್ಲಿ ಹೋಗುತ್ತವೆ. ಮೊದಲು, ಪಾದ ಎಲ್ಲಿದೆ ಎಂಬ ಅರಿವು, ಆಮೇಲೆ ಕಾಲಾಡಿಸುವ ಬಲ, ಆಮೇಲೆ ಮೂತ್ರದ ಹಿಡಿತ, ಕೊನೆಗೆ ನೋವು. ಮರಳುವಾಗ ಹೆಚ್ಚಾಗಿ ತಿರುಗುಮುರುಗಾಗಿ ಬರುತ್ತವೆ. ಮೊದಲನೆಯದನ್ನು ಮನೆಯಲ್ಲೇ ನೋಡಬಹುದು. ನಾಯಿಯನ್ನು ಸೊಂಟದ ಬಳಿ ಆಧಾರ ಕೊಟ್ಟು ನಿಲ್ಲಿಸಿ, ಒಂದು ಹಿಂಗಾಲಿನ ಪಾದವನ್ನು ಮಗುಚಿ, ಬೆರಳಿನ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿರಿ. ಸರಿಯಿರುವ ನಾಯಿ ಕ್ಷಣದಲ್ಲಿ ಪಾದವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ತಡಮಾಡಿದರೆ ಅಥವಾ ಹಾಗೇ ಬಿಟ್ಟರೆ ನರದ ತೊಂದರೆಯಿದೆ. ನಡೆಯುವಾಗ ಉಗುರು ನೆಲಕ್ಕೆ ಉಜ್ಜಿ ಸವೆದಿರುವುದೂ ಅದರದೇ ಗುರುತು. ಇನ್ನೊಂದು ಒಳ್ಳೆಯ ಲಕ್ಷಣ ಬಾಲದ್ದು. ಮುಟ್ಟಿದಾಗ ಬಾಲ ಅಲುಗಿದರೆ ಅದಕ್ಕೆ ಬೆಲೆಯಿಲ್ಲ. ಯಜಮಾನರ ದನಿ ಕೇಳಿ ಬಾಲ ಅಲ್ಲಾಡಿಸಿದರೆ ಮಿದುಳಿನ ಅಪ್ಪಣೆ ಬಾಲದವರೆಗೆ ಹೋಗುತ್ತಿದೆ ಎಂದಾಯಿತು.

ಮೊದಲು ವಿಶ್ರಾಂತಿ

ನಮ್ಮಲ್ಲಿ ಕ್ರಮ ತಲೆಕೆಳಗಾಗಿ ನಡೆಯುತ್ತದೆ. ಪೆಟ್ಟು ಬಿದ್ದ ದಿನ ಎಣ್ಣೆ ಹಚ್ಚಿ ನೀವುತ್ತಾರೆ, ಎಬ್ಬಿಸಿ ನಡೆಸಲು ನೋಡುತ್ತಾರೆ. ತಿಂಗಳು ಕಳೆದು ನಡೆಸಬೇಕಾದ ಹೊತ್ತಿಗೆ ಬೇಸತ್ತು ಬಿಟ್ಟುಬಿಡುತ್ತಾರೆ. ಆಗಬೇಕಾದದ್ದು ಇದರ ವಿರುದ್ಧ. ಡಿಸ್ಕ್ ಜಾರಿದೆಯೆಂದು ವೈದ್ಯರು ಹೇಳಿ, ಶಸ್ತ್ರಚಿಕಿತ್ಸೆ ಬೇಡವೆಂದಾದರೆ, ನಾಲ್ಕರಿಂದ ಆರು ವಾರ ನಾಯಿಯನ್ನು ಅದು ತಿರುಗಿ ಮಲಗುವಷ್ಟೇ ಜಾಗದ ಗೂಡಿನಲ್ಲಿ ಇಡಬೇಕು. ಮಲಮೂತ್ರಕ್ಕೆ ಮಾತ್ರ ಹೊರಗೆ, ಅದೂ ಹೊಟ್ಟೆಯ ಕೆಳಗೆ ಆಧಾರ ಕೊಟ್ಟು. ನಾಯಿ ಅತ್ತು ಮನೆಯವರ ಮನಸ್ಸು ಕರಗಿಸುತ್ತದೆ, ವಿಶೇಷವಾಗಿ ಅಜ್ಜಿಯಂದಿರದು. ಕರಗಕೂಡದು. ಹೊಸ ಊತಕ್ಕೆ ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡುವುದು ಸರಿ. ಶಾಖ ಕೊಡುವುದು ಆಮೇಲೆ. ಶಾಖದ ಗಂಟನ್ನು ಮೊದಲು ನಿಮ್ಮ ಮುಂಗೈಗೆ ಒತ್ತಿ ನೋಡಿರಿ. ಸ್ಪರ್ಶಜ್ಞಾನವಿಲ್ಲದ ಕಾಲು ಸುಟ್ಟರೂ ನಾಯಿ ಹೇಳಲಾರದು.

ಮಲಗಿದ ನಾಯಿಗೆ ಮೂರು ಶತ್ರುಗಳು: ತುಂಬಿದ ಮೂತ್ರಕೋಶ, ಹಾಸಿಗೆ ಹುಣ್ಣು, ನೊಣ. ಮೊದಲನೆಯದು ಕಣ್ಣಿಗೆ ಕಾಣದು. ಹನಿ ಹನಿ ಬೀಳುತ್ತಿರುವುದನ್ನು ಕಂಡು ‘ಮೂತ್ರ ಹೋಗುತ್ತಿದೆ’ ಎಂದುಕೊಳ್ಳುತ್ತೇವೆ. ಅದು ಮೂತ್ರ ಹೋಗುವುದಲ್ಲ, ಕೆರೆ ತುಂಬಿ ಕೋಡಿ ಬಿದ್ದಿರುವುದು. ಹಾಗೇ ಬಿಟ್ಟರೆ ಮೂತ್ರಕೋಶದ ಗೋಡೆ ಹಿಗ್ಗಿ ಬಲ ಕಳೆದುಕೊಳ್ಳುತ್ತದೆ, ಒಳಗೆ ನಂಜಾಗುತ್ತದೆ. ಕಾಲು ಸರಿಹೋಗುವಂತಿದ್ದ ನಾಯಿಯೂ ಇದರಿಂದ ಸಾಯಬಹುದು. ಹೊಟ್ಟೆಯ ಎರಡು ಬದಿಯಿಂದ ಅಂಗೈಗಳಿಂದ ಮೆಲ್ಲಗೆ ಒತ್ತಿ ದಿನಕ್ಕೆ ಮೂರು ನಾಲ್ಕು ಸಲ ಮೂತ್ರ ತೆಗೆಯುವುದನ್ನು ವೈದ್ಯರ ಮುಂದೆಯೇ ಒಮ್ಮೆ ಮಾಡಿ ಕಲಿತು ಬರಬೇಕು; ಬರಹದಿಂದ ಕಲಿಯುವ ಕೆಲಸವಲ್ಲ ಇದು.

ಹುಣ್ಣಾಗದಿರಲು ಹುಲ್ಲಿನ ದಪ್ಪ ಹಾಸು, ಅದರ ಮೇಲೆ ಒಣ ಗೋಣಿ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ನಮ್ಮ ಮಳೆಗಾಲದಲ್ಲಿ ಒದ್ದೆ ಮೈ ನಾಯಿಗೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಬಾಲದ ಬುಡ, ತೊಡೆಸಂದು ದಿನವೂ ತೊಳೆದು ಒರಸಿ ನೋಡಿರಿ.

ಕೈಯ ಕೆಲಸ

ವೈದ್ಯರು ಸರಿಯೆಂದ ದಿನದಿಂದ ಅಂಗಸಾಧನೆ ಆರಂಭ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಮೊದಲು ತೊಡೆಯನ್ನು ಪಾದದ ಕಡೆಯಿಂದ ಮೇಲಕ್ಕೆ ಅಂಗೈಯಿಂದ ಐದು ನಿಮಿಷ ನೀವಿರಿ. ಬಳಿಕ ಒಂದು ಕೈಯಿಂದ ಕೀಲಿನ ಮೇಲೆ, ಇನ್ನೊಂದರಿಂದ ಕೀಲಿನ ಕೆಳಗೆ ಹಿಡಿದು, ಬೆರಳು, ಹಿಂಗಾಲಿನ ಗೆಣ್ಣು, ಮಂಡಿ, ಸೊಂಟ ಹೀಗೆ ಒಂದೊಂದಾಗಿ ಮಡಚಿ, ಬಿಡಿಸಿರಿ. ತುದಿಯಲ್ಲಿ ಹದಿನೈದು ಎಣಿಸುವಷ್ಟು ಹೊತ್ತು ಹಿಡಿಯಿರಿ. ಕೀಲಿಗೆ ಹತ್ತರಿಂದ ಹದಿನೈದು ಸಲ, ದಿನಕ್ಕೆ ಎರಡು ಮೂರು ಬಾರಿ. ನಾಯಿ ಮುಖ ತಿರುಗಿಸಿದರೆ, ಉಸಿರು ಬಿಗಿಹಿಡಿದರೆ ಅಲ್ಲಿಗೆ ಮಿತಿ, ಮುಂದೆ ತಳ್ಳಬಾರದು. ಕಡೆಗೆ ಎಲ್ಲ ಕೀಲುಗಳನ್ನೂ ಸೇರಿಸಿ ಸೈಕಲ್ ತುಳಿದಂತೆ ಕಾಲನ್ನು ತಿರುಗಿಸಿರಿ. ಇದರಿಂದ ಸ್ನಾಯು ಬೆಳೆಯುವುದಿಲ್ಲ, ನಿಜ. ಕೀಲು ಬಿಗಿಯದಂತೆ, ನರ ಮರಳಿದ ದಿನ ಕಾಲು ಕೆಲಸಕ್ಕೆ ಸಿದ್ಧವಿರುವಂತೆ ಇದು ಕಾಯುತ್ತದೆ.

ಮರಿನಾಯಿಯ ತೊಡೆಮೂಳೆ ಮುರಿದಾಗ ಈ ಕೆಲಸಕ್ಕೆ ಎಷ್ಟು ಬೆಲೆಯೆಂಬುದು ತಿಳಿಯುತ್ತದೆ. ಬಿದಿರಿನ ದಬ್ಬೆ ಕಟ್ಟಿ ಕಾಲನ್ನು ನೆಟ್ಟಗೆ ಚಾಚಿಸಿ ತಿಂಗಳು ಇಡುವ ಪದ್ಧತಿ ಇನ್ನೂ ಇದೆ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ತೊಡೆಯ ಮುಂಭಾಗದ ಸ್ನಾಯು ಮೂಳೆಗೇ ಅಂಟಿ, ಮಂಡಿ ಮಡಚಲಾರದೆ, ಕಾಲು ಊರುಗೋಲಿನಂತೆ ಜೀವನಪೂರ್ತಿ ಸೆಟೆದು ನಿಲ್ಲುತ್ತದೆ. ಇದು ಕೆಲವೇ ವಾರಗಳಲ್ಲಿ ಆಗಿಬಿಡುತ್ತದೆ, ಆದ ಮೇಲೆ ಬಿಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಆದ್ದರಿಂದ ತೊಡೆಮೂಳೆ ಮುರಿದ ಮರಿಗೆ ಮೂಳೆಯೊಳಗೆ ಕಂಬಿಯನ್ನೋ ಪ್ಲೇಟನ್ನೋ ಹಾಕಿಸಿ, ವೈದ್ಯರು ಹೇಳಿದ ದಿನದಿಂದಲೇ ಮಂಡಿಯನ್ನು ಮಡಚಿ ಬಿಡಿಸುವುದು ಕ್ಷೇಮ. ದಬ್ಬೆ ಕಟ್ಟುವವರ ಮೇಲೆ ನಮಗೆ ದ್ವೇಷವಿಲ್ಲ, ಆದರೆ ತೊಡೆಮೂಳೆಯ ವಿಷಯದಲ್ಲಿ ಅವರ ಬಳಿಗೆ ಹೋಗಬೇಡಿ.

ನಿಲ್ಲಿಸುವುದು ಮುಂದಿನ ಮೆಟ್ಟಿಲು. ಗೋಣಿಚೀಲವನ್ನು ಉದ್ದಕ್ಕೆ ನಾಲ್ಕಾಗಿ ಮಡಚಿ ತೊಡೆಯ ಮುಂದೆ, ಹೊಟ್ಟೆಯ ಕೆಳಗೆ ಹಾಯಿಸಿ ಎರಡು ತುದಿ ಹಿಡಿದು ಎತ್ತಿದರೆ ಅದೇ ಜೋಲಿ. ಗಂಡುನಾಯಿಯ ಮೂತ್ರದ್ವಾರದ ಮೇಲೆ ಒತ್ತದಂತೆ ನೋಡಿರಿ. ಪಾದಗಳನ್ನು ಸರಿಯಾಗಿ ಊರಿಸಿ, ಭಾರವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಮೊದಲು ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಿರಿ. ಕಾವಿ ನೆಲ, ಗ್ರಾನೈಟ್ ನೆಲ ಬೇಡ. ಹುಲ್ಲಿನ ಅಂಗಳ ಅಥವಾ ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟು ಒಳ್ಳೆಯದು. ರಾಜಾಜಿನಗರದ ಮನೆಯಲ್ಲಾದರೆ ಅದೇ ಮ್ಯಾಟನ್ನು ನಾಯಿ ಓಡಾಡುವ ದಾರಿಯುದ್ದಕ್ಕೂ ಹಾಸಿದರೆ, ಕೆಲವು ಮುದಿ ಲ್ಯಾಬ್ರಡಾರುಗಳಿಗೆ ಅರ್ಧ ಚಿಕಿತ್ಸೆ ಅಲ್ಲಿಗೇ ಆಯಿತು. ಇನ್ನರ್ಧ, ಅನ್ನ ಕಡಿಮೆ ಮಾಡುವುದು.

ಇನ್ನು ನೀರು. ಪೇಟೆಯ ಗಾಜಿನ ತೊಟ್ಟಿಯ ರಹಸ್ಯ ನೀರು ಭಾರ ಹೊರುತ್ತದೆ ಎಂಬುದಷ್ಟೇ. ಅಳೆದು ನೋಡಿದ ಲೆಕ್ಕದಂತೆ, ನೀರು ಹಿಂಗಾಲಿನ ಗೆಣ್ಣಿನವರೆಗಿದ್ದರೆ ನಾಯಿಯ ಕಾಲುಗಳ ಮೇಲೆ ಬೀಳುವ ಭಾರ ಮೈತೂಕದ ಶೇಕಡಾ 91, ಮಂಡಿಯವರೆಗಿದ್ದರೆ 85, ಸೊಂಟದವರೆಗಿದ್ದರೆ 38 ಮಾತ್ರ. ಎಂದರೆ ಇಪ್ಪತ್ತು ಕಿಲೋ ನಾಯಿ ಸೊಂಟಮಟ್ಟದ ನೀರಿನಲ್ಲಿ ಎಂಟು ಕಿಲೋಗಿಂತ ಕಡಿಮೆ ಭಾರದಲ್ಲಿ ನಡೆಯುತ್ತದೆ. ಗೆಣ್ಣುಮಟ್ಟದ ನೀರಿನಿಂದ ಭಾರದಲ್ಲಿ ಹೆಚ್ಚೇನೂ ಉಳಿಯದೆಂಬುದನ್ನೂ ಈ ಲೆಕ್ಕದಲ್ಲೇ ಗಮನಿಸಿರಿ. ಸೆಳೆತವಿಲ್ಲದ, ತಳ ಗಟ್ಟಿಯಿರುವ ಹಳ್ಳದ ಅಂಚಿನಲ್ಲಿ, ಒಬ್ಬರು ಜೋಲಿ ಹಿಡಿದು ಇನ್ನೊಬ್ಬರು ಮುಂದಿನಿಂದ ಕರೆದು ಐದು ನಿಮಿಷ ನಡೆಸಬಹುದು. ಈಜಿಸುವುದಕ್ಕಿಂತ ನಡೆಸುವುದು ಮೇಲು. ಈಜುವ ನಾಯಿ ಹೆಚ್ಚಾಗಿ ಮುಂಗಾಲಿನಿಂದಲೇ ಹುಟ್ಟು ಹಾಕುತ್ತದೆ. ಹೊಲಿಗೆಯ ಗಾಯ ಪೂರ್ತಿ ಮಾಯುವ ಮುನ್ನ ನೀರಿಗಿಳಿಸಬೇಡಿ. ಬೋರ್ಡೋ ಬೆರೆಸುವ ತೊಟ್ಟಿ, ಡ್ರಮ್ಮುಗಳನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಕೂಡದು. ನಾಯಿ ಮೈ ನೆಕ್ಕುತ್ತದೆ, ಮೈಲುತುತ್ತ ಹೊಟ್ಟೆಗೆ ಹೋಗುತ್ತದೆ. ನೀರಿನಿಂದ ಬಂದ ಮೇಲೆ ಒರಸಿ ಬಿಸಿಲಿಗೆ ಮಲಗಿಸಿ, ಜಿಗಣೆ ನೋಡಿರಿ. ಇಲಿಜ್ವರದ ಲಸಿಕೆ ಆಗಿರುವುದು ಒಳ್ಳೆಯದು.

ತಾನೇ ನಾಲ್ಕು ಹೆಜ್ಜೆ ಇಡುವ ನಾಯಿಗೆ ತೋಟಕ್ಕಿಂತ ಒಳ್ಳೆಯ ಆಸ್ಪತ್ರೆ ಇಲ್ಲವೆಂದೇ ನಮ್ಮ ಅಭಿಪ್ರಾಯ. ಚಿಕಿತ್ಸಾಲಯದಲ್ಲಿ ಕೋಲುಗಳನ್ನು ನೆಟ್ಟು ನಾಯಿಯನ್ನು ಅವುಗಳ ನಡುವೆ ಹಾವಿನಂತೆ ಸುತ್ತಿಸುತ್ತಾರೆ. ಒಂಬತ್ತಡಿ ಅಂತರದ ಅಡಿಕೆ ಮರಗಳ ಸಾಲು ನಮ್ಮಲ್ಲಿ ಮೊದಲೇ ನಿಂತಿದೆ. ತಿರುವಿನಲ್ಲಿ ಭಾರ ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬೀಳುವುದರಿಂದ ಎರಡಕ್ಕೂ ಕೆಲಸ. ಅಲ್ಲಿ ಅಡ್ಡಪಟ್ಟಿ ದಾಟಿಸುತ್ತಾರೆ. ನಾವು ಅಡಿಕೆ ದಬ್ಬೆಗಳನ್ನು ನಾಯಿಯ ಭುಜದೆತ್ತರದಷ್ಟು ಅಂತರ ಬಿಟ್ಟು ನೆಲದ ಮೇಲೆ ಸಾಲಾಗಿ ಇಟ್ಟು, ಹಗ್ಗ ಹಿಡಿದು ನಿಧಾನ ದಾಟಿಸಬಹುದು. ಪಾದ ಎಲ್ಲಿದೆಯೆಂಬ ಅರಿವು ಮರಳಲು ಇದರಷ್ಟು ಉಪಕಾರಿ ಬೇರೆಯಿಲ್ಲ. ದಬ್ಬೆಯ ಸಿಬಿರು ಕೆತ್ತಿ ನಯಮಾಡಿರಿ. ಕಾಫಿ ತೋಟದ ಏರನ್ನು ಮೆಲ್ಲಗೆ ಹತ್ತಿಸಿದರೆ ಭಾರ ಹಿಂಗಾಲಿಗೆ ಬಿದ್ದು ತೊಡೆ ಬಲಿಯುತ್ತದೆ. ಇಳಿಯುವಾಗ ಭಾರ ಮುಂಗಾಲಿಗೆ, ಆದ್ದರಿಂದ ಇಳಿಜಾರಿನಲ್ಲಿ ಜೋಲಿ ಬಿಡಬೇಡಿ. ಕುಳಿತ ನಾಯಿಯನ್ನು ತಿಂಡಿ ತೋರಿಸಿ ಎಬ್ಬಿಸಿ, ಮತ್ತೆ ಕೂರಿಸಿ ಐದರಿಂದ ಹತ್ತು ಸಲ ಮಾಡಿಸುವುದೂ ಒಳ್ಳೆಯ ಬಸ್ಕಿ. ನಡಿಗೆ ಮೊದಲ ವಾರ ಐದು ನಿಮಿಷ, ದಿನಕ್ಕೆ ಮೂರು ಸಲ. ಮರುದಿನ ಕುಂಟು ಹೆಚ್ಚದಿದ್ದರೆ ವಾರಕ್ಕೊಮ್ಮೆ ಸ್ವಲ್ಪ ಹೆಚ್ಚಿಸಿರಿ.

ಗುಣವಾಗುತ್ತಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ದರ್ಜಿಯ ಟೇಪಿನಿಂದ ಎರಡೂ ತೊಡೆಗಳ ಸುತ್ತಳತೆಯನ್ನು ಒಂದೇ ಜಾಗದಲ್ಲಿ ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ. ಮನುಷ್ಯರ ತೂಕ ನೋಡುವ ಚಿಕ್ಕ ತಕ್ಕಡಿ ಎರಡು ಸಿಕ್ಕಿದರೆ ಒಂದೊಂದು ಹಿಂಗಾಲನ್ನು ಒಂದೊಂದರ ಮೇಲೆ ನಿಲ್ಲಿಸಿ ನೋಡಿರಿ. ನೋಯುವ ಕಾಲಿನ ತಕ್ಕಡಿ ಕಡಿಮೆ ತೋರಿಸುತ್ತದೆ. ಮಳೆ ಮಾಪಕ ನೋಡಿ ಬರೆಯುವ ಅಭ್ಯಾಸವಿರುವ ನಮಗೆ ಇದೇನೂ ಭಾರವಲ್ಲ.

ನಡೆಯಲಾರದ ನಾಯಿ

ಒಂದು ಕಾಲು ಕತ್ತರಿಸಬೇಕಾಗಿ ಬಂದರೆ ಎದೆಗುಂದಬೇಕಾಗಿಲ್ಲ. ನಾಯಿಯ ಭಾರದಲ್ಲಿ ಸುಮಾರು ನೂರಕ್ಕೆ ಅರವತ್ತು ಮುಂಗಾಲುಗಳ ಮೇಲಿದೆ, ಹಿಂಗಾಲಿಗೆ ನಲವತ್ತು. ಹಿಂಗಾಲೊಂದು ಹೋದ ನಾಯಿ ಕೆಲವು ವಾರಗಳಲ್ಲಿ ಮೂರು ಕಾಲಿನಲ್ಲಿ ಓಡುತ್ತದೆ, ಕಾವಲಿಗೂ ಕೊರತೆಯಿಲ್ಲ. ಎರಡೂ ಹಿಂಗಾಲು ಶಾಶ್ವತವಾಗಿ ಹೋದರೆ ಎರಡು ಚಕ್ರದ ಗಾಡಿಯಿದೆ. ಪಿವಿಸಿ ಪೈಪಿನಿಂದ ಊರಿನಲ್ಲೇ ಮಾಡಿಸಿಕೊಂಡವರಿದ್ದಾರೆ. ಬಸವೇಶ್ವರನಗರದ ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ. ಬೊಡ್ಡೆ, ಕಪ್ಪು, ಅಗಳು ತುಂಬಿದ ನಮ್ಮ ತೋಟದಲ್ಲಿ ಮಗುಚಿಬೀಳುತ್ತದೆ. ಅಂಗಳದೊಳಗೆ, ಕಣ್ಣೆದುರಿನಲ್ಲಿ, ಒಮ್ಮೆಗೆ ಅರ್ಧ ಗಂಟೆ ಬಳಸಿದರೆ ಸಾಕು. ನೋವು ತಿಳಿಯದ ಕೆಲವು ಸಣ್ಣ ನಾಯಿಗಳು ತಿಂಗಳುಗಟ್ಟಲೆ ಸಾಧನೆ ಮಾಡಿಸಿದಾಗ ಮಿದುಳಿನ ನೆರವಿಲ್ಲದೆಯೇ ತಕ್ಕಮಟ್ಟಿಗೆ ಹೆಜ್ಜೆ ಹಾಕುವುದನ್ನು ಕಲಿಯುತ್ತವೆ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಮನೆಯಲ್ಲಿ ಮುದುಕರಿಬ್ಬರೇ ಇರುವಲ್ಲಿ, ದಿನಕ್ಕೆ ನಾಲ್ಕು ಸಲ ಮೂತ್ರ ತೆಗೆಯುವ ಕೆಲಸ ವರ್ಷಗಟ್ಟಲೆ ನಡೆಯಲಾರದು. ಇದನ್ನು ಮನೆಯವರು ಕೂತು ಪ್ರಾಮಾಣಿಕವಾಗಿ ಮಾತಾಡಿಕೊಳ್ಳಬೇಕು. ನೋವು ನಿಲ್ಲದ, ಹುಣ್ಣು ಮಾಯದ, ಅನ್ನ ಬಿಟ್ಟ ನಾಯಿಯನ್ನು ವೈದ್ಯರ ಚುಚ್ಚುಮದ್ದಿನಿಂದ ಶಾಂತವಾಗಿ ಮಲಗಿಸುವುದು ಕ್ರೌರ್ಯವಲ್ಲ. ಪರೀಕ್ಷೆಯನ್ನೇ ಮಾಡಿಸದೆ ಕೋವಿ ತೆಗೆಯುವುದು, ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬರುವುದು ಕ್ರೌರ್ಯ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಎಲ್ಲಿಗೆ ಹೋಗಬೇಕು

ಮೊದಲು ತಾಲ್ಲೂಕಿನ ಪಶು ಆಸ್ಪತ್ರೆಗೆ. ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆಮಾಡಿಯೂ ವಿಚಾರಿಸಬಹುದು. ಎಕ್ಸ್-ರೇ, ಶಸ್ತ್ರಚಿಕಿತ್ಸೆ ಬೇಕೆಂದರೆ ಬೆಂಗಳೂರೇ ಆಗಬೇಕೆಂದಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಹಾಸನದಲ್ಲೂ ಶಿವಮೊಗ್ಗದಲ್ಲೂ ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿರುವುದು 1958ರಲ್ಲಿ ಆರಂಭವಾದ ಹಳೆಯ ಕಾಲೇಜು. ಮಕ್ಕಳು ವಿಜಯನಗರದಲ್ಲೋ ಕೆಂಗೇರಿಯಲ್ಲೋ ಇದ್ದು, ನೀರಿನ ತೊಟ್ಟಿಯ ಚಿಕಿತ್ಸೆ ಕೊಡಿಸುತ್ತೇವೆಂದರೆ ಸಂತೋಷ. ಆದರೆ ಅದು ವಾರಕ್ಕೆರಡು ಮೂರು ಸಲದಂತೆ ಬಹಳ ದಿನ ನಡೆಯುವ ಚಿಕಿತ್ಸೆ. ಸಕಲೇಶಪುರದಿಂದ ಓಡಾಡಿ ಆಗುವಂಥದಲ್ಲ. ಒಮ್ಮೆ ಹೋದಾಗ, ಅಲ್ಲಿನವರು ನಾಯಿಯ ಕಾಲನ್ನು ಹೇಗೆ ಹಿಡಿಯುತ್ತಾರೆ, ಎಷ್ಟು ಮಡಚುತ್ತಾರೆ ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಅವರ ಎದುರಿಗೇ ನೀವೂ ಒಮ್ಮೆ ಮಾಡಿ ತೋರಿಸಿ ಬನ್ನಿರಿ.

ವೈದ್ಯರ ಬಳಿ ಹೋಗುವಾಗಲೂ ಮನೆಯಲ್ಲಿ ನಾಯಿ ಎದ್ದು ನಡೆಯಲು ಪ್ರಯತ್ನಿಸುವ ಎರಡು ನಿಮಿಷದ ವಿಡಿಯೋ, ಲಸಿಕೆಯ ಚೀಟಿ, ಕೊಟ್ಟ ಮಾತ್ರೆಗಳ ಹೆಸರು, ಕೊನೆಯ ಸಲ ಮೂತ್ರ ಹೋದ ಹೊತ್ತು ಇಷ್ಟು ಜೊತೆಗಿರಲಿ. ಹೆದರಿದ ನಾಯಿ ಆಸ್ಪತ್ರೆಯ ಮೇಜಿನ ಮೇಲೆ ಕುಂಟುವುದನ್ನೇ ಮರೆತುಬಿಡುವುದುಂಟು. ಸಾಧನೆ ನಡೆಯುತ್ತಿರುವಾಗ ಒಂದೇ ದಿನದಲ್ಲಿ ಬಲ ಕುಗ್ಗಿದರೆ, ಇದ್ದ ನೋವಿನ ಅರಿವು ಹೋದರೆ, ಮೂತ್ರ ಕಲಕಾಗಿ ನಾರಿದರೆ, ಹೊಲಿಗೆಯ ಜಾಗ ಬಿಸಿಯಾಗಿ ಊದಿದರೆ ಮರುದಿನಕ್ಕೆ ಕಾಯದೆ ಕರೆದೊಯ್ಯಿರಿ.